ಪಂಚಮಕಾಲದ ಹೆಸರಿಗೆ ಬರೆದ ಖರ್ಚು

ಅಡವಿ ಬೋಳಾಯಿತು, ಕೆರೆಯಲ್ಲಿ ಹೂಳು ತುಂಬಿತು, ಮಳೆ ಹದ ತಪ್ಪಿತು ಎಂಬ ಮಾತು ಬಂದಾಗಲೆಲ್ಲ ನಮ್ಮ ಶ್ರಾವಕಬಂಧುಗಳ ಬಾಯಲ್ಲಿ ಒಂದು ಸಮಾಧಾನ ಸಿದ್ಧವಾಗಿರುತ್ತದೆ. ಇದು ಪಂಚಮಕಾಲ, ಅವಸರ್ಪಿಣಿಯಲ್ಲಿ ಇಳಿಕೆಯೇ ಹೊರತು ಏರಿಕೆ ಎಲ್ಲಿಯದು, ಆಯುಸ್ಸು, ಬಲ, ಭೂಮಿಯ ಸಾರ ಎಲ್ಲವೂ ಕುಗ್ಗಬೇಕೆಂದು ಶಾಸ್ತ್ರವೇ ಹೇಳಿರುವಾಗ ಯಾರನ್ನು ದೂಷಿಸಿ ಏನು ಫಲ? ಕಾಲೇಜು ಓದಿದ ಮಕ್ಕಳ ಸಮಾಧಾನ ಇನ್ನೊಂದು ಬಗೆಯದು. ಅವರು ಕಾಲವನ್ನು ಬಿಟ್ಟು ‘ಮನುಷ್ಯ’ನನ್ನು ಹಿಡಿಯುತ್ತಾರೆ. ಮನುಷ್ಯನೇ ಪ್ರಕೃತಿಯನ್ನು ಹಾಳುಗೆಡವಿದನು, ಮನುಷ್ಯನ ದುರಾಸೆಯೇ ಮೂಲ ಎನ್ನುತ್ತಾರೆ. ಮಾತು ಸತ್ಯವೇ. ಆದರೆ ಆ ಮನುಷ್ಯನು ಯಾವ ಊರಿನವನು, ಅವನ ಖಾತೆ ಯಾವ ಪುಟದಲ್ಲಿದೆ ಎಂದು ಕೇಳಿದರೆ ಅವರಲ್ಲಿಯೂ ಉತ್ತರವಿಲ್ಲ. ವಾಣಿಜ್ಯಶಾಸ್ತ್ರ ಓದಿ, ಜವಳಿ ಅಂಗಡಿಯ ಖಿರ್ದಿ ಬರೆಯುತ್ತಲೇ ವಯಸ್ಸು ಕಳೆದ ನನಗೆ ಇವೆರಡೂ ಒಂದೇ ಬಗೆಯ ನಮೂದುಗಳಾಗಿ ಕಾಣುತ್ತವೆ. ಯಾರ ಹೆಸರಿಗೂ ಬರೆಯಲು ಮನಸ್ಸಿಲ್ಲದ ಖರ್ಚನ್ನು ಗುಮಾಸ್ತನು ‘ಇತರೆ’ ಎಂಬ ತಲೆಬರಹದಡಿ ಬರೆಯುತ್ತಾನೆ. ಲೆಕ್ಕ ತಪಾಸಣೆಗೆ ಬಂದವನು ಮೊದಲು ಬೆರಳಿಡುವುದೂ ಅಲ್ಲಿಯೇ.

ಮೊದಲು ಕಾಲದ ವಿಚಾರವನ್ನೇ ನೋಡೋಣ. ದುಷಮಾ ಎಂಬ ಈ ಪಂಚಮಕಾಲದ ಅವಧಿ 21,000 ವರ್ಷ. ಭಗವಾನ್ ಮಹಾವೀರಸ್ವಾಮಿಯ ನಿರ್ವಾಣದ ತರುವಾಯ ಮೂರು ವರ್ಷ ಎಂಟೂವರೆ ತಿಂಗಳು ಕಳೆದ ಮೇಲೆ ಅದು ಪ್ರಾರಂಭವಾಯಿತು. ನಿರ್ವಾಣದ 2550ನೆಯ ವರ್ಷವನ್ನು ನಾವು 2023-24ರಲ್ಲಿ ಆಚರಿಸಿದೆವು. ಅಂದರೆ ಎಂಟರಲ್ಲಿ ಒಂದು ಪಾಲಿನಷ್ಟು ಕಾಲ ಮಾತ್ರ ಕಳೆದಿದೆ. ಈಗ ನಮ್ಮ ಬಸವಾಪಟ್ಟಣದ ನೆರೆಯ ಸೂಳೆಕೆರೆಯನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿರಿ. ಶಾಂತವ್ವೆ ಕಟ್ಟಿಸಿದಳೆಂದು ಜನ ಹೇಳುವ, ಶಾಂತಿಸಾಗರವೆಂದೂ ಕರೆಯುವ ಈ ಕೆರೆ ಕ್ರಿ.ಶ. 11-12ನೆಯ ಶತಮಾನದ್ದು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿಗೆ ಏರಿ ಹಾಕಿ ಆರೂವರೆ ಸಾವಿರ ಎಕರೆಯಷ್ಟು ನೀರು ನಿಲ್ಲಿಸಿದ ಆ ಕೆಲಸ ನಡೆದದ್ದು ಚತುರ್ಥಕಾಲದಲ್ಲಲ್ಲ, ಇದೇ ಪಂಚಮಕಾಲದಲ್ಲಿ. ಎಂಟು ನೂರು ವರ್ಷಗಳಿಗೂ ಮೇಲೆ ಏರಿ ನಿಂತದ್ದು, ತೂಬಿನಲ್ಲಿ ನೀರು ಹರಿದದ್ದು, ಸುತ್ತಲಿನ ಗುಡ್ಡಗಳಲ್ಲಿ ಮರ ಉಳಿದದ್ದು ಎಲ್ಲವೂ ಇದೇ ಕಾಲದಲ್ಲಿ. ಹಾಗಿರುವಾಗ ಕಳೆದ ಐವತ್ತು ವರ್ಷಗಳಲ್ಲಿ ಹೂಳು ಏರಿದ್ದಕ್ಕೂ, ಕೆರೆಯಂಗಳದ ಅಂಚಿನಲ್ಲಿ ತೋಟಗಳು ಎದ್ದದ್ದಕ್ಕೂ, 2017ರ ಬರದಲ್ಲಿ ಕೆರೆ ಬತ್ತುವ ಮಟ್ಟಕ್ಕೆ ಬಂದದ್ದಕ್ಕೂ ಕಾಲವನ್ನು ಹೊಣೆ ಮಾಡುವುದು ಹೇಗೆ? ಕೆರೆಯ ಗಡಿ ಅಳೆಯಬೇಕು, ಒತ್ತುವರಿ ತೆರವಾಗಬೇಕು ಎಂದು ಚನ್ನಗಿರಿಯ ಜನ ವರ್ಷಗಟ್ಟಲೆ ಹೋರಾಡಿದರಲ್ಲ. ಕಾಲವು ಒತ್ತುವರಿ ಮಾಡಿದ್ದರೆ ಸರ್ವೆಯವರು ಯಾರಿಗೆ ನೋಟೀಸು ಕೊಡಬೇಕಿತ್ತು?

ಸಿದ್ಧಾಂತದ ದೃಷ್ಟಿಯಿಂದಲೂ ಈ ವಾದ ನಿಲ್ಲುವುದಿಲ್ಲ. ಕಾಲದ್ರವ್ಯವು ಉದಾಸೀನ ನಿಮಿತ್ತ. ಅದು ಪರಿಣಮನಕ್ಕೆ ಅವಕಾಶವಾಗುತ್ತದೆಯೇ ಹೊರತು ಯಾರ ಕೈಯನ್ನೂ ಹಿಡಿದು ಕೊಡಲಿಯೆತ್ತಿಸುವುದಿಲ್ಲ. ನಮ್ಮ ಕಾಲುವೆಗೆ ನೀರು ಕೊಡುವ ಭದ್ರೆಯ ಮೂಲದ ಕಡೆಗೆ ನೋಡಿದರೆ ಇದಕ್ಕೆ ನಿದರ್ಶನವುಂಟು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ನಡೆದಷ್ಟು ದಿನ ಮಳೆಗಾಲದಲ್ಲಿ ಕೆಂಪು ಮಣ್ಣು ನದಿಗೆ ಇಳಿಯುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಲ ಅದೇ, ಮಳೆಯೂ ಅದೇ. ಬದಲಾದದ್ದು ಒಂದು ಆಜ್ಞೆ.

ಇನ್ನು ‘ಮನುಷ್ಯ’ ಎಂಬ ಎರಡನೆಯ ಆಶ್ರಯ. ಜಗಳೂರಿನ ಕಡೆ ಬೇಸಿಗೆಯಲ್ಲಿ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ಹೆಣ್ಣುಮಗಳೂ ಮನುಷ್ಯಳು. ನಾಲ್ಕು ಕೊಳವೆಬಾವಿ ಕೊರೆಸಿ ಇಪ್ಪತ್ತು ಎಕರೆ ತೋಟಕ್ಕೆ ನೀರು ಹಾಯಿಸುವವನೂ ಮನುಷ್ಯ. ಇಬ್ಬರ ಹೆಸರಿಗೂ ಸಮನಾಗಿ ಖರ್ಚು ಬರೆಯುವುದು ಯಾವ ಧರ್ಮ? ಜಗತ್ತಿನ ಲೆಕ್ಕವೂ ಹೀಗೆಯೇ ಇದೆ. ಕೈಗಾರಿಕಾ ಯುಗಕ್ಕೆ ಮೊದಲು ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲವು ಈಗ 420ನ್ನು ದಾಟಿದೆ. ಭೂಮಿ ಕಾಯುತ್ತಿರುವುದಕ್ಕೆ ಮನುಷ್ಯಕೃತ್ಯವೇ ಕಾರಣವೆಂಬುದರಲ್ಲಿ ಸಂಶಯವಿಲ್ಲವೆಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಮಂಡಲಿ 2021ರಲ್ಲಿ ಸ್ಪಷ್ಟವಾಗಿ ಹೇಳಿತು. ಹಿಂದೆಯೂ ಭೂಮಿ ಕಾದಿತ್ತು, ತಣಿದಿತ್ತು ಎಂದು ವಾದಿಸುವವರಿದ್ದಾರೆ. ಹಿಂದೆಯೂ ಜನ ಸತ್ತಿದ್ದರೆಂಬ ಕಾರಣದಿಂದ ಕೊಲೆಗಾರನನ್ನು ಬಿಡುವುದುಂಟೆ? ಆದರೆ ಅಲ್ಲಿಯೂ ಅಮೆರಿಕದ ಒಬ್ಬನ ಪಾಲು ವರ್ಷಕ್ಕೆ 14 ಟನ್ನಿನಷ್ಟಾದರೆ ಭಾರತದ ಒಬ್ಬನದು 2 ಟನ್ನಿನ ಆಸುಪಾಸು. ಆ 2 ಟನ್ನೂ ಸರಾಸರಿ. ಮನೆಗೆ ಎರಡು ಕಾರಿಟ್ಟವನದನ್ನೂ ಕೂಲಿಯವನದನ್ನೂ ಕೂಡಿಸಿ ಭಾಗಿಸಿದ್ದು.

ಹೊಣೆಯನ್ನು ಹಂಚುವ ಕ್ರಮ ನಮ್ಮ ಆಚಾರ್ಯರಿಗೆ ತಿಳಿಯದೆ ಇರಲಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾತಿಗಳು ಕರ್ಮಾಸ್ರವದ ಜೀವಾಧಿಕರಣವನ್ನು ವಿಂಗಡಿಸಿದ ರೀತಿಯನ್ನು ಗಮನಿಸಿರಿ. ಸಂಕಲ್ಪಿಸುವುದು, ಸಾಧನಗಳನ್ನು ಕೂಡಿಸುವುದು, ಕಾರ್ಯಕ್ಕೆ ತೊಡಗುವುದು ಎಂದು ಮೂರು. ಮನಸ್ಸು, ಮಾತು, ಕಾಯ ಎಂದು ಮೂರು. ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭವೆಂದು ನಾಲ್ಕು. ಗುಣಿಸಿದರೆ 108. ಜಪಮಣಿಯಲ್ಲಿ ನಾವು ಎಣಿಸುವುದು ಈ ಸಂಖ್ಯೆಯನ್ನೇ. ಇದಕ್ಕಿಂತ ಸೂಕ್ಷ್ಮವಾದ ಖಾತೆಪುಸ್ತಕವನ್ನು ನಾನು ಕಂಡಿಲ್ಲ. ಇಲ್ಲಿ ‘ಇತರೆ’ ಎಂಬ ಅಂಕಣವಿಲ್ಲ, ಕಾಲದ ಹೆಸರಿಗೆ ಪುಟವಿಲ್ಲ. ಮಾಡಿಸಿದವನಿಗೂ ಅನುಮೋದಿಸಿದವನಿಗೂ ಮಾತ್ರ ಖಚಿತವಾಗಿ ಪುಟವುಂಟು. ನಮ್ಮ ವ್ಯಾಪಾರಿ ಸಮಾಜವು ಜಾಣ್ಮೆಯಿಂದ ಹಾರಿಸುವ ಪುಟಗಳು ಇವೇ ಎರಡು.

ಅಡಿಕೆಯನ್ನೇ ತೆಗೆದುಕೊಳ್ಳೋಣ. ಚನ್ನಗಿರಿ ಸೀಮೆಯಲ್ಲಿ ಭತ್ತದ ಗದ್ದೆಯೂ ಬೆದ್ದಲು ಹೊಲವೂ ಅಡಿಕೆ ತೋಟವಾದ ವೇಗ ಎಲ್ಲರೂ ಕಂಡದ್ದೇ. ಭದ್ರಾ ಕಾಲುವೆಯ ನೀರು ಮುಟ್ಟುವಲ್ಲಿ ಒಂದು ಮಾತು. ಅದು ಮುಟ್ಟದ ಎತ್ತರದ ಕೆಂಪು ಮಣ್ಣಿನಲ್ಲಿಯೂ ಕೊಳವೆಬಾವಿಯ ಮೇಲೆ ಭಾರ ಹಾಕಿ ಸಸಿ ನೆಡಲಾಯಿತು. 2023ರ ಬರದ ಮರುಬೇಸಿಗೆಯಲ್ಲಿ, ಅಂದರೆ 2024ರಲ್ಲಿ, ತೋಟ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ತರಿಸಿ ಸುರಿದರು. ಊರ ಬಾಯಾರಿಕೆಗೂ ಟ್ಯಾಂಕರು, ಮರದ ಬುಡಕ್ಕೂ ಟ್ಯಾಂಕರು. ಸುಲಿದ ಸಿಪ್ಪೆಯನ್ನು ರಸ್ತೆಯ ಬದಿಗೆ ರಾಶಿ ಸುರಿದು ಬೆಂಕಿಯಿಡುವ ಹೊಗೆಯಂತೂ ಸುಗ್ಗಿಯ ಕಾಲಕ್ಕೆ ನಮ್ಮ ಕಡೆ ಪ್ರಯಾಣಿಸುವವರಿಗೆ ಪರಿಚಿತ. ಇದಕ್ಕೆಲ್ಲ ರೈತನೊಬ್ಬನೇ ಹೊಣೆಯೆಂದು ಮಂಡಿಯಲ್ಲಿ ಕುಳಿತು ಹೇಳುವುದು ಸುಲಭ. ‘ಏನು ಶೆಟ್ಟರೇ, ಬೋರು ಕೊರೆದವರು ನಾವೇ? ಬಂದ ಮಾಲು ಕೊಂಡಿದ್ದೇವೆ ಅಷ್ಟೆ’ ಎಂದು ಹಿರಿಯ ವರ್ತಕರೊಬ್ಬರು ನನ್ನೊಡನೆ ವಾದಿಸಿದರು. ಸ್ವಾಮಿ, ಬೋರು ಕೊರೆಯಲು ಮುಂಗಡ ಕೊಟ್ಟು ಫಸಲನ್ನು ಗೊನೆಯಲ್ಲಿರುವಾಗಲೇ ಖೇಣಿ ಹಿಡಿಯುವುದು ‘ಮಾಡಿಸಿದ್ದು’ ಅಲ್ಲವಾದರೆ ಆ ಪದಕ್ಕೆ ಬೇರೆ ಅರ್ಥವೇನು? ರಾಶಿಯ ಧಾರಣೆ ಏರಿದಾಗ ಯಾವ ಹೊಲ ತೋಟವಾದರೂ ಒಳ್ಳೆಯದೇ ಎಂದು ತಲೆದೂಗುವುದು ಅನುಮೋದನೆಯಲ್ಲವೇ? ಆ ಅಡಿಕೆ ಕಾನಪುರ, ದೆಹಲಿಗಳಲ್ಲಿ ಪಾನ್ ಮಸಾಲೆಯಾಗಿ, ತಿಂದವನ ಬಾಯನ್ನು ಸುಡುವವರೆಗಿನ ಖಾತೆಯನ್ನು ಇಲ್ಲಿ ತೆರೆಯುವುದಿಲ್ಲ. ಅದು ಬೇರೆಯೇ ಲೇಖನದ ವಿಷಯ.

ಜವಳಿಯ ಕಥೆ ಇನ್ನೂ ಕಹಿ, ಏಕೆಂದರೆ ಅಲ್ಲಿ ಅಹಿಂಸೆಯ ಹೆಸರೇ ಸೇರಿದೆ. ಒಂದು ಸೀರೆಗಾಗಿ ಸಾವಿರಾರು ಹುಳುಗಳನ್ನು ಕುದಿಸುವ ರೇಷ್ಮೆಯನ್ನು ನಮ್ಮ ಹಿರಿಯರು ಬಿಟ್ಟರು. ಬಿಟ್ಟದ್ದು ಸರ್ವಥಾ ಸರಿ. ಅದರ ಸ್ಥಾನಕ್ಕೆ ಮರದ ತಿರುಳಿನಿಂದ ತೆಗೆದ ರೇಯಾನು ‘ಆರ್ಟ್ ಸಿಲ್ಕ್’ ಎಂಬ ಹೆಸರಿನಲ್ಲಿ ಬಂದಿತು. ಜೀವಹಿಂಸೆಯಿಲ್ಲದ ವಸ್ತ್ರವೆಂದು ನಾವು ಪೂಜೆಗೂ ಉಟ್ಟೆವು. ಆ ನಾರಿನ ಹಾಗೂ ತಿರುಳಿನ ಕಾರ್ಖಾನೆಯೊಂದು ನಮ್ಮ ನೆರೆಯಲ್ಲಿಯೇ, ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಎದ್ದಿತು. ಸೂಳೆಕೆರೆಯಿಂದ ಹೊರಡುವ ಹರಿದ್ರಾ ಹಳ್ಳವು ತುಂಗಭದ್ರೆಯನ್ನು ಕೂಡುವ ಸೀಮೆಯೇ ಅದು. 1980ರ ದಶಕದಲ್ಲಿ ಆ ಭಾಗದ ನದಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಕಂದುಬಣ್ಣದ ನೀರು, ದನಕರುಗಳ ತೊಂದರೆ, ಬೆಸ್ತರ ಹೊಟ್ಟೆಪಾಡು ಇವುಗಳ ಬಗ್ಗೆ ದಡದ ಹಳ್ಳಿಗರು ಕಾರ್ಖಾನೆಯ ತ್ಯಾಜ್ಯವನ್ನು ದೂರಿ ಹೋರಾಟ ಹೂಡಿದರು. ತಿರುಳಿಗೆ ಬೇಕಾದ ನೀಲಗಿರಿಗಾಗಿ 1984ರಲ್ಲಿ ಸರಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಕಟ್ಟಿದವು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ 30 ಸಾವಿರ ಹೆಕ್ಟೇರ್ ಭೂಮಿಯನ್ನು ಅದಕ್ಕೆ ಕೊಡುವ ಏರ್ಪಾಡಾಯಿತು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮುಂದಾದರು, ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿದಾರರಾದರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಆ ಗುಂಡಿಗಳಲ್ಲಿ ಮೇವಿನ, ಹಣ್ಣಿನ ಗಿಡ ನೆಟ್ಟರು. ಕಿತ್ತಿಕೊ-ಹಚ್ಚಿಕೊ ಎಂದು ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು.

ಹುಳುವಿನ ಹಿಂಸೆ ಕಣ್ಣಿಗೆ ಕಾಣುತ್ತದೆ. ಮೀನಿನದು, ಕಾಡಿನದು ಬಟ್ಟೆಯ ಥಾನಿನ ಮೇಲೆ ಅಚ್ಚಾಗಿರುವುದಿಲ್ಲ. ಸಾಮಾಯಿಕದಲ್ಲಿ ಪೃಥ್ವೀಕಾಯ, ಅಪ್ಕಾಯ, ವನಸ್ಪತಿಕಾಯಗಳೊಡನೆ ಕ್ಷಮೆ ಬೇಡುವ ನಾವು, ಕುಸನೂರಿನಲ್ಲಿ ಗುಂಡಿ ತೋಡಿದವರ ಸಾಲಿನಲ್ಲಿ ಒಂದು ಸಮಾಜವಾಗಿ ನಿಲ್ಲಲಿಲ್ಲ. ಅಹಿಂಸೆಯ ಮೇಲೆ ಭಾಷಣಸ್ಪರ್ಧೆಗಳನ್ನು ಮಾತ್ರ ತಪ್ಪದೆ ಏರ್ಪಡಿಸುತ್ತೇವೆ.

ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಅನಿವಾರ್ಯ, ಅವನು ತ್ಯಜಿಸಬೇಕಾದದ್ದು ಸಂಕಲ್ಪಿ ಹಿಂಸೆಯನ್ನು ಮಾತ್ರ ಎಂದು ಪಂಡಿತರು ಇಲ್ಲಿ ತಡೆಯಬಹುದು. ಆ ವಿನಾಯಿತಿ ಇರುವುದು ನಿಜ. ಅದರ ಷರತ್ತುಗಳನ್ನೂ ಓದಬೇಕು. ಪರಿಗ್ರಹಪರಿಮಾಣವಿಲ್ಲದವನಿಗೆ ಉದ್ಯೋಗಿ ಹಿಂಸೆಯ ರಿಯಾಯಿತಿ ಯಾವ ಶ್ರಾವಕಾಚಾರದಲ್ಲಿದೆ? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಗಿಡ ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದರು. ಶ್ವೇತಾಂಬರ ಪರಂಪರೆಯಲ್ಲಿ ಉಪಾಸಕದಶಾಂಗವೂ, ಹೆಚ್ಚುಕಡಿಮೆ ನಮ್ಮ ಸೂಳೆಕೆರೆಯ ಕಾಲದಲ್ಲಿಯೇ ಬಾಳಿದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವ್ಯಾಪಾರಗಳನ್ನು ಹೇಳುತ್ತವೆ. ಕಾಡು ಕಡಿದು ಮಾರುವ ವನಕರ್ಮ, ಇದ್ದಿಲು ಸುಡುವ ಅಂಗಾರಕರ್ಮ, ನೆಲ ಒಡೆಯುವ ಸ್ಫೋಟಕರ್ಮ ಅದರಲ್ಲಿವೆ. ಸರಃಶೋಷವೂ ಇದೆ: ಕೆರೆ ಕುಂಟೆಗಳನ್ನು ಬತ್ತಿಸುವ ಉದ್ಯೋಗ. ಭೂಮಿಯ ಮೇಲಿನ ಸರಸ್ಸನ್ನು ಬತ್ತಿಸುವುದು ನಿಷಿದ್ಧವಾದರೆ, ಅದಕ್ಕೆ ಆಧಾರವಾದ ಒಳನೀರನ್ನು ನೂರಾರು ಅಡಿಗಳ ಆಳದಿಂದ ಎತ್ತಿ ಮುಗಿಸುವುದು ಯಾವ ನ್ಯಾಯದಿಂದ ವಿಹಿತವಾದೀತು?

ಇದರ ಪರಿಣಾಮ ನಮ್ಮ ಆಚರಣೆಯ ಬಾಗಿಲಿಗೇ ಬಂದಿದೆ. ನೀರು ಸೋಸುವಾಗ ಬಟ್ಟೆಯಲ್ಲಿ ಉಳಿದ ಜೀವಾಣುಗಳನ್ನು ಅದೇ ಜಲಾಶಯಕ್ಕೆ ಮೆಲ್ಲನೆ ಇಳಿಸಬೇಕೆಂಬುದು ನಿಯಮ. ಕೊಳವೆಬಾವಿಯೊಳಕ್ಕೆ ಯಾರು ಇಳಿಸಬಲ್ಲರು? ಆದ್ದರಿಂದಲೇ ವ್ರತಿಗಳು ತೆರೆದ ಬಾವಿಯ ನೀರನ್ನೇ ಬಯಸುತ್ತಾರೆ. ಮುನಿಗಳ ಆಹಾರಕ್ಕೂ ಅದೇ ಬೇಕು. ಸುತ್ತಲಿನ ಬೋರುಗಳು ಬಾವಿಗಳ ಸೆಲೆಯನ್ನು ಎಳೆದುಕೊಂಡ ಮೇಲೆ ಎಷ್ಟೋ ಊರುಗಳಲ್ಲಿ ಬಾವಿ ಕಸದ ಗುಂಡಿಯಾಗಿದೆ. ಮುನಿಸಂಘ ವಿಹಾರ ಮಾಡಿಕೊಂಡು ಬರುತ್ತದೆಂದರೆ ನಾವು ಮೊದಲು ಹುಡುಕುವುದು ಪಂಡಾಲಿನವನನ್ನಲ್ಲ, ನೀರಿರುವ ಬಾವಿಯನ್ನು. ಬಸದಿಗೆ ಅಮೃತಶಿಲೆ ಹಾಸಲು ಬೋಲಿಯಲ್ಲಿ ಲಕ್ಷಗಳನ್ನು ಕೂಗುವ ಸಮಾಜಕ್ಕೆ, ಬಸದಿಯ ಹಿತ್ತಲಿನ ಬಾವಿಯ ಹೂಳು ತೆಗೆಸಿ ಮಳೆನೀರನ್ನು ಅದರತ್ತ ತಿರುಗಿಸುವ ಖರ್ಚು ಭಾರವಾಗಲಾರದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸಮಾಜಬಂಧುಗಳಲ್ಲಿ ನನ್ನದೊಂದು ಬಿನ್ನಹವಿದೆ. ಬರುವ ದಶಲಕ್ಷಣಪರ್ವದೊಳಗೆ ಪ್ರತಿ ಊರಿನಿಂದ ಮೂರು ವಿವರಗಳು ಬರಲಿ: ಊರಿನಲ್ಲಿ ಹಿಂದೆ ಇದ್ದ ತೆರೆದ ಬಾವಿಗಳೆಷ್ಟು, ಈಗ ನೀರಿರುವುದು ಎಷ್ಟರಲ್ಲಿ, ಸಮಾಜದವರ ಜಮೀನುಗಳಲ್ಲಿ ಕೊರೆದ ಕೊಳವೆಬಾವಿಗಳೆಷ್ಟು. ಹೆಸರು ಬೇಡ, ಸಂಖ್ಯೆ ಸಾಕು. ಉತ್ತಮ ತ್ಯಾಗದ ದಿನದ ಪ್ರವಚನಕ್ಕೆ ಮೊದಲು ಆ ಪಟ್ಟಿಯನ್ನು ಆಯಾ ಬಸದಿಯ ಫಲಕದಲ್ಲಿ ಬರೆಯಬಹುದು.