ಲೆಕ್ಕ ಹಾಕಿದ ಕಂಪ್ಯೂಟರ್ ಎಚ್ಚರಿಸಲಿಲ್ಲವೇಕೆ?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಕಾಣಿಸಿಕೊಂಡವು. 2021-22ರಿಂದ ನಾಲ್ಕು ವರ್ಷ ಯುಪಿಐನಲ್ಲಿ ಬಂದ ಹಣವನ್ನು ಕೂಡಿ, ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದು ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಇದು ಗೊತ್ತಿಲ್ಲದ ಅಧಿಕಾರಿ ಇಲಾಖೆಯಲ್ಲಿ ಇರಲಾರರು. ಆದರೆ ಕಂಪ್ಯೂಟರಿಗೆ ಕಂಡದ್ದು ಬಂದ ದುಡ್ಡು ಮಾತ್ರ. ಮಾರಿದ್ದು ಟೊಮೆಟೊವೋ ಟಿವಿಯೋ ಅದಕ್ಕೆ ತಿಳಿಯದು.

ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆಯಾದರೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಕಾನೂನು ಸ್ಪಷ್ಟವಾಗಿದೆ, ಅದನ್ನು ಪಾಲಿಸಬೇಕು ಎನ್ನುವುದರಲ್ಲಿ ನನಗೂ ತಕರಾರಿಲ್ಲ. 40 ಲಕ್ಷ ಎಂದರೆ ದಿನಕ್ಕೆ ಹತ್ತಿರ ಹತ್ತಿರ 11,000 ರೂಪಾಯಿ. ನಸುಕಿನಲ್ಲೇ ಷಟರ್ ಎತ್ತಿ ಹಾಲು, ಬಿಸ್ಕತ್ತು, ಬನ್ನು ಮಾರುವ ಅಂಗಡಿಗೆ ಇದು ದೊಡ್ಡ ಮೊತ್ತವೇನಲ್ಲ. ಹಾಲಿನ ಪ್ಯಾಕೆಟ್ಟಿನಲ್ಲಿ ಉಳಿಯುವುದು ಪುಡಿಗಾಸು. ಹಾಲಿಗೆ ತೆರಿಗೆ ಇಲ್ಲದಿದ್ದರೂ ಪಕ್ಕದಲ್ಲೇ ಬಿಸ್ಕತ್ತು ಇಟ್ಟವನ ಮಿತಿ ಲೆಕ್ಕ ಹಾಕುವಾಗ ಹಾಲಿನ ದುಡ್ಡೂ ಸೇರುತ್ತದೆ. ಇನ್ನು, ‘ಅಣ್ಣಾ, ಐನೂರು ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ’ ಎಂದು ಗಿರಾಕಿ ಕಳಿಸಿದ್ದು, ಭಾವಮೈದುನ ತೀರಿಸಿದ ಕೈಸಾಲ, ಎಲ್ಲ ಬೀಳುವುದು ಅದೇ ಕ್ಯೂಆರ್ ಕೋಡಿಗೆ. ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿ ಎಲ್ಲವನ್ನೂ ಒಂದೇ ದನಿಯಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಕೂಗುತ್ತದೆ.

ನೋಟಿಸ್ ಅಂತಿಮ ಆದೇಶವಲ್ಲ, ದಾಖಲೆ ತಂದು ವಿವರಣೆ ಕೊಡಬಹುದು ಎಂದಿತು ಇಲಾಖೆ. ಸರಿಯೇ. ನಾಲ್ಕು ವರ್ಷದ ಹಿಂದಿನ ಖರೀದಿ ಚೀಟಿಯನ್ನು ಟೀ ಅಂಗಡಿಯವನು ಎಲ್ಲಿಂದ ತರಬೇಕು? ಆಡಿಟರಿಗೆ ಫೀಸು ಯಾರು ಕೊಡಬೇಕು?

ನಿಜವಾದ ಅನ್ಯಾಯ ಬೇರೆಯೇ ಇದೆ. 1.5 ಕೋಟಿವರೆಗಿನ ವರ್ತಕರಿಗೆ ರಾಜಿ ತೆರಿಗೆ ಪದ್ಧತಿ ಇದೆ: ಸಕಾಲದಲ್ಲಿ ನೋಂದಾಯಿಸಿ ಅದನ್ನು ಆರಿಸಿಕೊಂಡವರು ಶೇ 1ರಷ್ಟು ಕಟ್ಟಿದರೆ ಸಾಕು. ತಡವಾಗಿ ಸಿಕ್ಕಿಬಿದ್ದವನಿಗೆ ಆ ಬಾಗಿಲು ಮುಚ್ಚಿರುತ್ತದೆ. ಪೂರ್ತಿ ದರ, ಮೇಲೆ ಬಡ್ಡಿ, ದಂಡ. ಗಿರಾಕಿಯಿಂದ ವಸೂಲಿ ಮಾಡದ ತೆರಿಗೆಯನ್ನು ಅವನು ಕೈಯಿಂದ ಕಟ್ಟಬೇಕು. ನಾಲ್ಕು ವರ್ಷದ ಜಮೆಯನ್ನು ಪೈಸೆ ಸಮೇತ ಕೂಡಬಲ್ಲ ವ್ಯವಸ್ಥೆ, ಮೊದಲ ವರ್ಷವೇ ‘ನಿಮ್ಮ ವಹಿವಾಟು 30 ಲಕ್ಷ ದಾಟಿದೆ, ನೋಂದಣಿ ಮಾಡಿಸಿ’ ಎಂದು ಒಂದು ಎಸ್‌ಎಂಎಸ್ ಕಳಿಸಬಹುದಿತ್ತು. 2016ರ ನೋಟು ರದ್ದತಿಯಿಂದೀಚೆಗೆ ಡಿಜಿಟಲ್ ಪಾವತಿಗೆ ಬನ್ನಿ ಎಂದು ಬೆನ್ನು ತಟ್ಟಿದವರು ಈ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ರಾಜಕಾರಣಿಗಳು ಮಾಡಿದ್ದು ಎಂದಿನ ಕೆಲಸ. ಕೇಂದ್ರ ಸಚಿವ ಪ್ರಲ್ಹಾದ ಜೋಶಿ ರಾಜ್ಯದ ಕಡೆ ಕೈ ತೋರಿಸಿದರು, ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಕೇಂದ್ರದ ಕಡೆ. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರನ್ನು ಕರೆಸಿ, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ಕೇಳುವುದಿಲ್ಲ ಎಂದರು. ವರ್ತಕರು ಕೊಟ್ಟಿದ್ದ ಬಂದ್ ಕರೆ ವಾಪಸಾಯಿತು. ಭರವಸೆ ಸಿಕ್ಕಿತು, ನಿಯಮ ಬದಲಾಗಲಿಲ್ಲ.

ನಗದಿಗೆ ಮರಳಿ ಎನ್ನುವ ಮುಖಂಡರದೂ ಅರ್ಧ ಬುದ್ಧಿಯೇ. ಕಾಗದಪತ್ರವಿಲ್ಲದ ಅಂಗಡಿಯವನಿಗೆ ಬ್ಯಾಂಕ್ ಸಾಲ ಸಿಗಬೇಕಾದರೆ ಆ ಯುಪಿಐ ಜಮೆಯೇ ಆಧಾರ. ‘ಓನ್ಲಿ ಕ್ಯಾಶ್’ ಚೀಟಿ ಅಂಟಿಸಿದವನು ತನ್ನ ಸಾಕ್ಷಿಯನ್ನು ತಾನೇ ಅಳಿಸಿಕೊಳ್ಳುತ್ತಾನೆ.

ಸರ್ಕಾರ ಮಾಡಬೇಕಾದದ್ದು ಇಷ್ಟೇ: ಮಿತಿ ಹತ್ತಿರ ಬಂದವರಿಗೆ ಆಯಾ ವರ್ಷವೇ ಕನ್ನಡದಲ್ಲಿ ಎಚ್ಚರಿಕೆ ಕಳಿಸುವುದನ್ನು ಕಡ್ಡಾಯ ಮಾಡಲಿ, ಎಚ್ಚರಿಸದ ವರ್ಷಕ್ಕೆ ಶೇ 1ಕ್ಕಿಂತ ಹೆಚ್ಚು ಕೇಳುವ ಹಕ್ಕು ಇಲಾಖೆಗೆ ಇರಕೂಡದು.