ಬ್ಯಾಟರಿ ಬಂತು, ಅರ್ತ್ ಎಲ್ಲಿ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್‌ನಲ್ಲಿ 615 ಎಕರೆ ನೆಲದ ಮೇಲೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಎದ್ದು ನಿಂತಿದೆ. 2016ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಅಡಿಗಲ್ಲಿಟ್ಟರು. 2023ರ ಫೆಬ್ರವರಿ 6ರಂದು ಅವರೇ ಬಂದು ಬಾಗಿಲು ತೆರೆದರು. ಕಾವಲು ಎಂದರೆ ದನ ಮೇಯುವ ನೆಲ. ಅಂಥ ನೆಲದಲ್ಲಿ ಈಗ ಆಕಾಶಕ್ಕೇರುವ ಯಂತ್ರ ತಯಾರಾಗುತ್ತದೆ, ಅದೂ ಸಾರ್ವಜನಿಕ ಒಡೆತನದ ಕಾರ್ಖಾನೆಯಲ್ಲಿ. ಇದನ್ನು ಕಂಡು ನಾವು ಹೊಟ್ಟೆಕಿಚ್ಚು ಪಡುವವರಲ್ಲ. ಆದರೆ ಇಂಥ ಕಾರ್ಖಾನೆಗಳಿಗೆ ಇರುವ ಒಂದು ನಿಯಮವನ್ನು ಮಾತ್ರ ಓದುಗರ ಗಮನಕ್ಕೆ ತರುತ್ತೇವೆ. ಮೂರು ಫೇಸಿನ ಕರೆಂಟಿನಲ್ಲಿ ಓಡುವ ಯಂತ್ರದ ಲೋಹದ ಮೈಯನ್ನು ಎರಡು ಬೇರೆ ಬೇರೆ ತಂತಿಗಳಿಂದ ಭೂಮಿಗೆ ಕಟ್ಟಬೇಕು. ಒಂದು ತುಂಡಾದರೆ ಇನ್ನೊಂದು ಇರಲಿ ಎಂದು. ಅಲ್ಲಿ ಯಂತ್ರಕ್ಕೆ ಎರಡು ಅರ್ತ್. ಅದೇ ಕಾವಲಿನ ಸುತ್ತಮುತ್ತ, ನಿಟ್ಟೂರಿನಲ್ಲಿ, ಗುಬ್ಬಿಯಲ್ಲಿ, ತುಮಕೂರಿನ ಗಲ್ಲಿಗಳಲ್ಲಿ ದುಡಿಯುವವನ ಮನೆಗೆ ಎಷ್ಟು ಅರ್ತ್ ಇದೆ?

ಈ ಪ್ರಶ್ನೆ ನಮ್ಮ ತಲೆಗೆ ಹತ್ತಿದ್ದು ಪುಸ್ತಕ ಓದಿ ಅಲ್ಲ. ಅಕ್ಕಿ ಗಿರಣಿಯಲ್ಲಿ ದುಡಿಯುವ ನಮ್ಮ ಗೆಳೆಯರೊಬ್ಬರು ಮಗಳ ಓದಿಗೆಂದು ಹಳೆಯ ಕಂಪ್ಯೂಟರೊಂದನ್ನು ಕೊಂಡರು. ಕರೆಂಟು ಹೇಳದೆ ಕೇಳದೆ ಹೋಗುತ್ತದೆ, ಬರೆದಿದ್ದೆಲ್ಲ ಅಳಿಸಿಹೋಗುತ್ತದೆ ಎಂದು ಹುಡುಗಿ ಅತ್ತಳು. ಸರಿ, ಕಂತಿನ ಮೇಲೆ ಒಂದು ಯು.ಪಿ.ಎಸ್. ಪೆಟ್ಟಿಗೆಯೂ ಬಂತು. ಮಳೆಗಾಲದ ಒಂದು ಸಂಜೆ ಹುಡುಗಿ ಬರಿಗಾಲಲ್ಲಿ ನಿಂತು ಕಂಪ್ಯೂಟರಿನ ತಗಡಿನ ಮೈ ಮುಟ್ಟಿದಾಗ ಕೈ ಜುಮ್ಮೆಂದಿತು. ಮಾರಿದವನನ್ನು ಕೇಳಿದರೆ, “ಅದು ಹಾಗೇ ಇರುತ್ತದೆ, ಚಪ್ಪಲಿ ಹಾಕಿಕೊಂಡು ಕೂತುಕೊಳ್ಳಲಿ” ಎಂದನಂತೆ. ನಾವು ಹೋಗಿ ಗೋಡೆಯ ಸಾಕೆಟ್ಟನ್ನು ವೈರ್‌ಮನ್ ಕೈಯಲ್ಲಿ ಬಿಚ್ಚಿಸಿ ನೋಡಿದೆವು. ಮೂರು ತೂತುಗಳ ಸಾಕೆಟ್ಟು, ಎರಡಕ್ಕೆ ತಂತಿ. ಮೇಲಿನ ದೊಡ್ಡ ತೂತಿನ ಹಿಂದೆ ಗೋಡೆಯ ಸುಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ.

ನಗುವಂತಿಲ್ಲ. ಹಿಂದೆ ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಫೇಸ್, ನ್ಯೂಟ್ರಲ್, ಅರ್ತ್ ಎಂದು ಮೂರು ತಂತಿಗಳ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದವರೇ. ಹಸಿರು ಬಣ್ಣದ್ದು ಅರ್ತ್ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದವರೇ. ಆ ಕೊಠಡಿಯ ಸಾಕೆಟ್ಟಿನಲ್ಲಿ ಹಸಿರು ತಂತಿ ಇದೆಯೇ ಎಂದು ಒಂದು ದಿನವೂ ನೋಡಿದವರಲ್ಲ.

ಜುಮ್ಮೆನ್ನುವುದು ಏತಕ್ಕೆ? ಕಂಪ್ಯೂಟರಿನ ಒಳಗೆ ಕರೆಂಟಿನ ಗದ್ದಲವನ್ನು ಸೋಸುವ ಪುಟ್ಟ ಕೆಪಾಸಿಟರುಗಳಿವೆ. ಸೋಸಿ ಉಳಿದದ್ದನ್ನು ಅವು ಅರ್ತ್ ತಂತಿಯ ಮೂಲಕ ನೆಲಕ್ಕೆ ಬಿಡುತ್ತವೆ. ಅರ್ತ್ ತಂತಿಯೇ ಇಲ್ಲದಿದ್ದರೆ ತಗಡಿನ ಮೈ ಮೇಲೆ 230 ವೋಲ್ಟಿನ ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸು, ಬಂದು ಕೂರುತ್ತದೆ. ಅದರ ಹಿಂದಿನ ಪ್ರವಾಹ ತೀರ ಅಲ್ಪವಾದ್ದರಿಂದ ಅದು ಸಾಮಾನ್ಯವಾಗಿ ಕೊಲ್ಲುವುದಿಲ್ಲ, ಬೆರಳನ್ನು ಕಚಕುಳಿ ಮಾಡಿ ಬಿಡುತ್ತದೆ. ಅಪಾಯ ಆ ಜುಮ್ಮಿನಲ್ಲಿಲ್ಲ, ಅದು ಹೇಳುತ್ತಿರುವ ಸುದ್ದಿಯಲ್ಲಿದೆ: ಈ ಮನೆಗೆ ಅರ್ತ್ ಇಲ್ಲ. ನಾಳೆ ಒಳಗಿನ ತಂತಿಯೊಂದರ ಹೊದಿಕೆ ಸವೆದು ನೇರವಾಗಿ ತಗಡಿಗೆ ತಗುಲಿದರೆ ಕಚಕುಳಿ ಇರುವುದಿಲ್ಲ. ಮುಟ್ಟಿದ ಕೈ ಬಿಡಿಸಿಕೊಳ್ಳಲಾಗುವುದಿಲ್ಲ. ಚಪ್ಪಲಿಯ ಸಲಹೆ ಕೊಟ್ಟ ಮಹಾಶಯನಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ!

“ನಮ್ಮ ಮನೆಯಲ್ಲಿ ಎಂ.ಸಿ.ಬಿ. ಇದೆ, ಏನಾದರೂ ಆದರೆ ತಾನೇ ಬೀಳುತ್ತದೆ” ಎಂದು ಅಂಗಡಿಯ ಗೆಳೆಯರೊಬ್ಬರು ಧೈರ್ಯ ಹೇಳಿದರು. ಈ ಧೈರ್ಯ ಬಹಳ ಜನಕ್ಕಿದೆ. ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕಾಗಿದೆ, ಓದುಗರು ಬೇಸರಿಸಕೂಡದು. ನಮ್ಮ ಕಡೆಯ ಮನೆಗಳಿಗೆ ಕಂಬದಿಂದ ಬರುವುದು ಎರಡೇ ತಂತಿ. ಮೂರನೆಯದನ್ನು, ಅಂದರೆ ಅರ್ತನ್ನು, ಮನೆಯವನೇ ಗುಂಡಿ ತೋಡಿ, ಪೈಪು ಹುಗಿದು, ಇದ್ದಿಲು ಉಪ್ಪು ತುಂಬಿ ಮಾಡಿಕೊಳ್ಳಬೇಕು. ಬೇಸಗೆಯಲ್ಲಿ ಒಣಗಿದ ನೆಲದಲ್ಲಿ ಅಂಥ ಗುಂಡಿಯ ತಡೆ ಇಪ್ಪತ್ತು ಓಮ್ ಎನ್ನಿ, ಇನ್ನೂ ಹೆಚ್ಚೇ ಇರಬಹುದು. 230 ವೋಲ್ಟನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್ ಆಯಿತು. ಎಂ.ಸಿ.ಬಿ. 16 ಆಂಪಿಯರಿನದು. ಅದೇಕೆ ಬಿದ್ದೀತು? ಅದು ತನ್ನ ಪಾಡಿಗೆ ಎದ್ದು ನಿಂತಿರುತ್ತದೆ, ತಗಡಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಎಂ.ಸಿ.ಬಿ. ಇರುವುದು ತಂತಿ ಕಾದು ಬೆಂಕಿ ಹತ್ತದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. ಮನುಷ್ಯನನ್ನು ಕಾಯುವ ಸಾಧನ ಬೇರೆ ಇದೆ, ಅದರ ಹೆಸರು ಆರ್.ಸಿ.ಸಿ.ಬಿ. ಹೋದ ಕರೆಂಟು ಅಷ್ಟೂ ಹಿಂದಿರುಗಿತೇ ಎಂದು ಅದು ತಕ್ಕಡಿಯಂತೆ ತೂಗುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ 40 ವ್ಯಾಟಿನ ಬಲ್ಬಿನಲ್ಲಿ ಹರಿಯುವುದರ ಆರನೆಯ ಒಂದು ಪಾಲಿನಷ್ಟು ಬೇರೆ ದಾರಿ ಹಿಡಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ. ಅದರ ಬೆಲೆ ಇಂದು ಪೇಟೆಯಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸು.

ಇಷ್ಟು ಒಳ್ಳೆಯ ಸಾಧನವನ್ನು ಕಾನೂನು ಕಡ್ಡಾಯ ಮಾಡಿಲ್ಲವೇ? ಮಾಡಿದೆ. ಯಾರಿಗೆ ಮಾಡಿದೆ ಎಂಬುದನ್ನು ನೋಡಿ. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಭೂಸೋರಿಕೆಯನ್ನು ಹಿಡಿಯುವ ಸಾಧನ ಇರಲೇಬೇಕೆಂದವು, ಆದರೆ 5 ಕಿಲೋವ್ಯಾಟಿಗಿಂತ ಕಡಿಮೆ ಹೊರೆಯ ಮನೆಗಳನ್ನು ಹೊರಗಿಟ್ಟವು. ಈಗಿರುವ 2023ರ ನಿಯಮಗಳಲ್ಲಿ ಆ ಗೆರೆ 2 ಕಿಲೋವ್ಯಾಟಿಗೆ ಇಳಿದಿದೆ. ಇಳಿದದ್ದು ಒಳ್ಳೆಯದೇ. ಆದರೆ 2 ಕಿಲೋವ್ಯಾಟಿಗಿಂತ ಕೆಳಗಿನ ಮನೆ ಯಾರದು? ಎರಡು ದೀಪ, ಒಂದು ಫ್ಯಾನು, ಒಂದು ಟಿ.ವಿ., ಈಗ ಒಂದು ಕಂಪ್ಯೂಟರು ಇರುವ ಮನೆ. ಗಿರಣಿಯ ಕೂಲಿಯವನ ಮನೆ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಮನೆ, ಭಾಗ್ಯಜ್ಯೋತಿಯ ಒಂಟಿ ದೀಪದಿಂದ ಶುರುವಾಗಿ ತಂತಿಯ ಮೇಲೆ ತಂತಿ ಎಳೆದುಕೊಂಡು ಬೆಳೆದ ಮನೆ. ಹವಾನಿಯಂತ್ರಣದ ಬಂಗಲೆಗೆ ಕಾಪು ಕಡ್ಡಾಯ, ತಗಡಿನ ಸೂರಿಗೆ ವಿನಾಯಿತಿ! ಹೊರೆ ಕಡಿಮೆಯಾದರೆ ಕರೆಂಟಿಗೆ ಕರುಣೆ ಹೆಚ್ಚುತ್ತದೆಯೇ? ಒಂದೇ ದೀಪದ ಮನೆಯಲ್ಲೂ 230 ವೋಲ್ಟು 230 ವೋಲ್ಟೇ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವರದಿಗಳ ಪ್ರಕಾರ 2019, 2020, 2021 ಈ ಮೂರು ವರ್ಷಗಳಲ್ಲಿ ಒಂದೊಂದು ವರ್ಷವೂ ದೇಶದಲ್ಲಿ 12,000ಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸತ್ತಿದ್ದಾರೆ.

ಕರೆಂಟು ಮೊದಲು ಯಾರ ಬಾಗಿಲಿಗೆ ಹೋಗುತ್ತದೆ ಎಂಬುದು ನಮ್ಮ ಸೀಮೆಗೆ ಹೊಸ ಪ್ರಶ್ನೆಯಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಓಡಿ ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಯನ್ನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇಂದು ನಮ್ಮ ಜಿಲ್ಲೆಯ ಪಾವಗಡದಲ್ಲೇ 13,000 ಎಕರೆಯಷ್ಟು ನೆಲದ ಮೇಲೆ 2,050 ಮೆಗಾವ್ಯಾಟಿನ ಸೌರ ಸ್ಥಾವರವಿದೆ. ರೈತರು ಭೂಮಿಯನ್ನು ಗುತ್ತಿಗೆ ಕೊಟ್ಟು ಕುಳಿತಿದ್ದಾರೆ. ಸೂರ್ಯ ನಮ್ಮವನು, ನೆಲ ನಮ್ಮದು. ಆದರೂ ಅದೇ ಜಿಲ್ಲೆಯ ಮನೆಯವನು ಸಂಜೆ ಮಗಳು ಓದಲೆಂದು ಸೀಸ ಮತ್ತು ಆಮ್ಲದ ಪೆಟ್ಟಿಗೆಯನ್ನು ಸಾಲ ಮಾಡಿ ಕೊಳ್ಳುತ್ತಾನೆ. 2023ರ ಬರದಲ್ಲಿ ಕರೆಂಟಿನ ಅಭಾವ ಎಷ್ಟಾಯಿತೆಂದರೆ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ಮಾರಬೇಕೆಂದು ಸರಕಾರ ವಿದ್ಯುಚ್ಛಕ್ತಿ ಕಾಯಿದೆಯ 11ನೆಯ ಕಲಮನ್ನು ಹೂಡಬೇಕಾಯಿತು. ಆ ತಿಂಗಳುಗಳಲ್ಲಿ ಬ್ಯಾಟರಿ ಅಂಗಡಿಗಳಿಗೆ ಹಬ್ಬ. ಕರೆಂಟನ್ನು ಎಡೆಬಿಡದೆ ಕೊಡುವುದು ಕೊಡುವವರ ಕರ್ತವ್ಯ. ಅದು ತಪ್ಪಿದ್ದರ ದಂಡವನ್ನು ಕೊಳ್ಳುವವನು ತೆರುತ್ತಿದ್ದಾನೆ, ದಂಡದ ಜೊತೆಗೆ ಅಪಾಯವನ್ನೂ ಮನೆಯೊಳಗೆ ಇಟ್ಟುಕೊಳ್ಳುತ್ತಿದ್ದಾನೆ.

ಅಪಾಯ ಎಂದು ಸುಮ್ಮನೆ ಹೇಳಲಿಲ್ಲ. ಇನ್ವರ್ಟರಿನ ದೊಡ್ಡ ಬ್ಯಾಟರಿ ತುಂಬುವಾಗ ಜಲಜನಕ ಅನಿಲ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಒಂದೂವರೆ ಕೋಣೆಯ ಮನೆಯಲ್ಲಿ ಅದನ್ನು ಇಡುವುದೆಲ್ಲಿ? ಮಂಚದ ಕೆಳಗೆ, ಇಲ್ಲವೇ ದೇವರ ಗೂಡಿನ ಪಕ್ಕ. ಮೇಲೆ ಊದುಬತ್ತಿ, ಕೆಳಗೆ ಜಲಜನಕ. ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು, ನಲ್ಲಿ ನೀರು ಹಾಕಿದರೆ ಬೇಗ ಸಾಯುತ್ತದೆ. ಕಂಪ್ಯೂಟರಿನ ಸಣ್ಣ ಯು.ಪಿ.ಎಸ್.ನಲ್ಲಿ ಮುಚ್ಚಿದ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದರ ಆಯುಸ್ಸು ತೀರುತ್ತ ಬಂದು ಹೊಟ್ಟೆ ಉಬ್ಬುತ್ತದೆ. ಉಬ್ಬಿದ್ದನ್ನು ಅಲ್ಲೇ ಇಟ್ಟುಕೊಳ್ಳಕೂಡದು. ಇನ್ನೊಂದು ಸಂಗತಿ ವೈರ್‌ಮನ್‌ಗಳಿಗೇ ಎಷ್ಟೋ ಸಲ ಮರೆಯುತ್ತದೆ: ಮೇನ್ ಸ್ವಿಚ್ಚು ಆರಿಸಿದರೂ ಇನ್ವರ್ಟರಿಗೆ ಸೇರಿದ ಸಾಕೆಟ್ಟುಗಳು ಜೀವಂತವಾಗಿರುತ್ತವೆ. ಕರೆಂಟು ಹೋಗಿದೆ ಎಂದು ಕೈ ಹಾಕಿದವನಿಗೆ ಬ್ಯಾಟರಿ ಉತ್ತರ ಕೊಡುತ್ತದೆ.

ಸಣ್ಣ ಯು.ಪಿ.ಎಸ್.ಗೆ ತನ್ನದೇ ಆದ ಅರ್ತ್ ಇಲ್ಲ, ಗೋಡೆಯ ಪ್ಲಗ್ಗಿನಿಂದ ಬಂದದ್ದನ್ನೇ ಅದು ಮುಂದಕ್ಕೆ ಕೊಡುತ್ತದೆ. ಆದ್ದರಿಂದ ಬ್ಯಾಟರಿ ಕೆಲಸ ಮಾಡುತ್ತದೆಯೇ ಎಂದು ನೋಡಲು ಪ್ಲಗ್ಗನ್ನೇ ಕಿತ್ತರೆ ಅರ್ತ್ ಹೋಯಿತು, ಕರೆಂಟು ಉಳಿಯಿತು. ಗೋಡೆಯ ಸ್ವಿಚ್ಚನ್ನು ಆರಿಸಿ ಪರೀಕ್ಷಿಸಬೇಕು. ಮೂರು ಕಾಲಿನ ಪ್ಲಗ್ಗಿಗೆ ಎರಡು ಕಾಲಿನ ಜೋಡಕವನ್ನು ಸಿಕ್ಕಿಸುವ ಚಾಳಿ ಇದೆಯಲ್ಲ, ಅದೂ ಇದೇ ಜಾತಿಯ ಪಾಪ. ಸಿಡಿಲಿನಿಂದಲೋ ವೋಲ್ಟೇಜ್ ಏರಿಕೆಯಿಂದಲೋ ಕಾಪಾಡುತ್ತೇವೆ ಎಂದು ಡಬ್ಬದ ಮೇಲೆ ಅಚ್ಚು ಹಾಕಿರುತ್ತಾರೆ. ಆ ಕಾಪಿನ ಬಹುಪಾಲು ಅರ್ತ್ ಇದ್ದರೆ ಮಾತ್ರ ನಡೆಯುವಂಥದು.

ಜೆರಾಕ್ಸ್ ಅಂಗಡಿ, ಬಿಲ್ಲಿಂಗ್ ಯಂತ್ರ ಇಟ್ಟುಕೊಂಡ ಕಿರಾಣಿ ಗೆಳೆಯರಿಗೆ ಎರಡು ಮಾತು. 600 ವಿ.ಎ. ಎಂದು ಬರೆದ ಯು.ಪಿ.ಎಸ್. ಎಳೆಯಬಲ್ಲದ್ದು ಸುಮಾರು 360 ವ್ಯಾಟು, ಅದೂ ಕೆಲವು ನಿಮಿಷ. ಅದಕ್ಕೆ ಲೇಸರ್ ಪ್ರಿಂಟರು ಸಿಕ್ಕಿಸಬೇಡಿ. ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಕಟ್ಟುವುದು, ಪದೇ ಪದೇ ಬೀಳುವ 6 ಆಂಪಿಯರಿನ ಎಂ.ಸಿ.ಬಿ. ಕಿತ್ತು 32ರದನ್ನು ಕೂರಿಸುವುದು, ಇವೆರಡೂ ಗೋಡೆಯೊಳಗಿನ ತಂತಿಯನ್ನೇ ಫ್ಯೂಸು ಮಾಡಿದಂತೆ.

ಜನರೇ ತಪ್ಪು ಮಾಡುತ್ತಾರೆ, ಅದಕ್ಕೆ ಸರಕಾರವನ್ನೇಕೆ ಬೈಯುತ್ತೀರಿ ಎಂದು ಕೇಳುವವರಿದ್ದಾರೆ. ಜನ ತಪ್ಪು ಮಾಡುತ್ತಾರೆ, ಒಪ್ಪಿದೆವು. ಆದರೆ ಬಾಡಿಗೆಯ ವಠಾರದಲ್ಲಿರುವವನು ಯಾರ ಗೋಡೆ ಒಡೆದು ಅರ್ತ್ ಎಳೆಯಬೇಕು? ಮಾಲೀಕರನ್ನು ಕೇಳಿದರೆ, “ಕಂಪ್ಯೂಟರ್ ನಿಮ್ಮದು ತಾನೇ?” ಎನ್ನುತ್ತಾರೆ. ಹೊಸ ಸಂಪರ್ಕಕ್ಕೆ ವೈರಿಂಗ್ ಸರಿಯಿದೆಯೆಂಬ ಕಾಗದಕ್ಕೆ ಮನೆಯ ಹೊಸ್ತಿಲು ತುಳಿಯದೆ ಸಹಿ ಹಾಕುವ ಗುತ್ತಿಗೆದಾರರನ್ನು ನಾವು ಕಂಡಿದ್ದೇವೆ. 2023ರ ನವೆಂಬರ್ 19ರಂದು ಬೆಂಗಳೂರಿನ ಕಾಡುಗೋಡಿ ಬಳಿ ಕಾಲುದಾರಿಯಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಕೂಸು ಸತ್ತರು. ಆಗ ಅಧಿಕಾರಿಗಳ ಅಮಾನತಾಯಿತು. ಕಂಬದ ತಂತಿಗೆ ಹೊಣೆಗಾರರಿದ್ದಾರೆ ಎಂದಾಯಿತು. ಮೀಟರಿನಿಂದ ಈಚೆಗೆ ಅದೇ ಕರೆಂಟು ಅನಾಥ.

2023ರ ಜುಲೈನಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ಕರೆಂಟು ಉಚಿತವಾಗಿದೆ. ಅದನ್ನು ಹಂಗಿಸುವ ಸಿರಿವಂತರ ಜೊತೆ ನಾವು ಸೇರುವುದಿಲ್ಲ, ಉಚಿತ ಯೂನಿಟ್ಟು ದುಡಿಯುವವನ ಹಕ್ಕು. ಆದರೆ ಕರೆಂಟನ್ನು ಪುಕ್ಕಟೆ ಒಳಗೆ ಬಿಟ್ಟ ಸರಕಾರ ಅದು ಕೊಲ್ಲದಂತೆ ಕಾಯುವ ಎರಡು ಸಾವಿರದ ಸಾಧನವನ್ನು ಏಕೆ ಕೊಡಬಾರದು? ಮೀಟರಿನ ಪೆಟ್ಟಿಗೆಯ ಪಕ್ಕದಲ್ಲೇ ಆರ್.ಸಿ.ಸಿ.ಬಿ. ಕೂರಿಸಲಿ, ಮನೆಯ ಹಿಂದೆ ಒಂದು ಅರ್ತ್ ಗುಂಡಿ ತೋಡಿಸಲಿ. ಕೆಲಸವನ್ನು ಗುತ್ತಿಗೆದಾರರಿಗೆ ಹಂಚದೆ ಪರವಾನಗಿ ಇರುವ ನಮ್ಮೂರ ವೈರ್‌ಮನ್‌ಗಳಿಗೇ ಕೂಲಿ ಕೊಟ್ಟು ಮಾಡಿಸಲಿ. 2 ಕಿಲೋವ್ಯಾಟಿನ ವಿನಾಯಿತಿಯನ್ನು ನಿಯಮದಿಂದ ತೆಗೆಯಬೇಕೆಂದು ರಾಜ್ಯ ಸರಕಾರ ಕೇಂದ್ರಕ್ಕೆ ಬರೆಯಲಿ. ಬಾಡಿಗೆ ಮನೆಗೆ ಅರ್ತ್ ಮಾಡಿಸುವುದು ಮಾಲೀಕನ ಹೊಣೆಯೆಂದು ಕಾನೂನಿನಲ್ಲಿ ಬರಲಿ.

ಅಲ್ಲಿಯವರೆಗೆ ಕೈಕಟ್ಟಿ ಕೂರುವಂತಿಲ್ಲ. ಇದನ್ನು ಬರೆಯುವ ಮೊದಲು ನಮ್ಮ ಸಂಘದ ಕಚೇರಿಯ ಸಾಕೆಟ್ಟನ್ನೂ ಬಿಚ್ಚಿಸಿದೆವು. ಹಸಿರು ತಂತಿ ಇತ್ತು, ಆದರೆ ಅದರ ಇನ್ನೊಂದು ತುದಿ ಮಾಳಿಗೆಯ ಮೇಲೆ ಗಾಳಿಯಲ್ಲಿ ನೇತಾಡುತ್ತಿತ್ತು. ಈಗ ಗುಂಡಿ ತೋಡಿದ್ದೇವೆ, ಆರ್.ಸಿ.ಸಿ.ಬಿ. ಹಾಕಿಸಿದ್ದೇವೆ, ತಿಂಗಳಿಗೊಮ್ಮೆ ಅದರ ಮೇಲಿನ ‘ಟಿ’ ಗುಂಡಿ ಒತ್ತಿ ಬೀಳುತ್ತದೆಯೇ ಎಂದು ನೋಡುತ್ತೇವೆ. ಇನ್ವರ್ಟರಿನ ನ್ಯೂಟ್ರಲನ್ನು ಮನೆಯ ನ್ಯೂಟ್ರಲಿಗೆ ಬೆರೆಸಿದರೆ ಆರ್.ಸಿ.ಸಿ.ಬಿ. ವಿನಾಕಾರಣ ಬೀಳುತ್ತಿರುತ್ತದೆ. ಆಗ ಕೆಲವು ವೈರ್‌ಮನ್‌ಗಳು ಅದನ್ನೇ ಕಿತ್ತುಹಾಕಿ ಹೋಗುತ್ತಾರೆ, ಬಿಡಬೇಡಿ. ಬೆರೆತದ್ದನ್ನು ಬೇರೆ ಮಾಡಿಸಿ. ಸಂಘದ ಸದಸ್ಯರಾದ ಇಬ್ಬರು ವೈರ್‌ಮನ್ ಗೆಳೆಯರು ಭಾನುವಾರ ಬೆಳಗ್ಗೆ ಮನೆಮನೆಗೆ ಬಂದು ಸಾಕೆಟ್ಟು ಪರೀಕ್ಷಿಸಿ ಹೋಗಲು ಒಪ್ಪಿದ್ದಾರೆ. ಅರ್ತ್ ಇಲ್ಲದ ಮನೆಗಳನ್ನು ಬೀದಿವಾರು ಪಟ್ಟಿ ಮಾಡಿ ಬೆಸ್ಕಾಂ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಒಯ್ಯುತ್ತೇವೆ. ಹೆಸರು ಕೊಡಬೇಕೆನ್ನುವವರು ಸಂಜೆ ಆರರ ಮೇಲೆ ಕಚೇರಿಗೆ ಬರಬಹುದು. ಬರುವಾಗ ಕರೆಂಟು ಬಿಲ್ಲನ್ನು ತನ್ನಿ, ಮಂಜೂರಾದ ಹೊರೆ ಎಷ್ಟೆಂಬುದು ಅದರಲ್ಲೇ ಬರೆದಿರುತ್ತದೆ.