ಡೀಸೆಲ್ ಕಾರುಗಳ ಹೊಗೆಯೂ ಪ್ರಾಮಾಣಿಕವಾದ ಅಳತೆಯೂ

ಪರೀಕ್ಷಕರು ಎದುರಿಗೆ ನಿಂತಾಗ ಮಾತ್ರ ನಿಷ್ಠೆಯಿಂದ ಅಳತೆಮಾಡುವ ವಿದ್ಯಾರ್ಥಿಗಳನ್ನು ಪ್ರಯೋಗಶಾಲೆಯಲ್ಲಿ ನಾನು ಕಂಡಿದ್ದೇನೆ. ಯಂತ್ರವನ್ನೂ ಹಾಗೆ ನಡೆಯುವಂತೆ ಕಟ್ಟಬಹುದೆಂಬುದು ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಕಾರುಗಳಿಂದ ತಿಳಿದುಬಂತು. 2014ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದವರು ಆ ಕಾರುಗಳ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆದ ಫಲಿತಾಂಶವನ್ನು ಪ್ರಕಟಿಸಿದಾಗ ಸಂಶಯ ಹುಟ್ಟಿತು. 2015ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು ರಹಸ್ಯವನ್ನು ಬಯಲುಮಾಡಿತು. ಸ್ಟಿಯರಿಂಗಿನ ಸ್ಥಿತಿ, ವೇಗ, ಓಡಿದ ಅವಧಿ ಮುಂತಾದವುಗಳಿಂದ ಇದು ಪರೀಕ್ಷೆಯೆಂದು ಅರಿತು, ಆಗ ಮಾತ್ರ ಹೊಗೆಯನ್ನು ಪೂರ್ಣವಾಗಿ ಹತೋಟಿಯಲ್ಲಿಡುವ ತಂತ್ರಾಂಶವು ಕಾರಿನಲ್ಲಿ ಅಡಗಿತ್ತು. ರಸ್ತೆಯಲ್ಲಿ ಸಾರಜನಕದ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಹೊರಬೀಳುತ್ತಿದ್ದವು. ಜಗತ್ತಿನಾದ್ಯಂತ ಇಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಭಾರತದಲ್ಲಿಯೂ 3 ಲಕ್ಷಕ್ಕೂ ಮಿಕ್ಕಿದ ಕಾರುಗಳನ್ನು ಸಂಸ್ಥೆಯು ಹಿಂದಕ್ಕೆ ಕರೆಯಬೇಕಾಯಿತು.

ಈ ಕಪಟಕ್ಕೆ ಆಸ್ಪದವಾದರೂ ಏನು? ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಅದುಮಿದ ಗಾಳಿಯ ಕಾವಿನಿಂದಲೇ ಇಂಧನವು ಹೊತ್ತಿಕೊಳ್ಳುತ್ತದೆ. ಆ ಜ್ವಾಲೆಯ ಉಷ್ಣತೆಯಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿಕೊಳ್ಳುತ್ತವೆ. ಇದನ್ನು ತಗ್ಗಿಸಲು ಹೊಗೆಯ ಒಂದು ಭಾಗವನ್ನು ಕವಾಟದ ಮೂಲಕ ಸಿಲಿಂಡರಿಗೆ ಮರಳಿಸಿ ಜ್ವಾಲೆಯನ್ನು ತಣಿಸುತ್ತಾರೆ. ಆದರೆ ಆಮ್ಲಜನಕ ಕಡಮೆಯಾದೊಡನೆ ಮಸಿ ಹೆಚ್ಚುತ್ತದೆ. ಅದು ಕವಾಟದಲ್ಲಿಯೂ ಶೋಧಕದಲ್ಲಿಯೂ ಕಟ್ಟಿಕೊಳ್ಳುತ್ತದೆ. ಒಂದು ದೋಷವನ್ನು ಅದುಮಿದರೆ ಇನ್ನೊಂದು ತಲೆಯೆತ್ತುವುದು. ತಂತ್ರಾಂಶವನ್ನು ಬದಲಿಸಿದ ಮೇಲೆ ಕವಾಟ ಕೆಟ್ಟಿತೆಂದು ಯೂರೋಪಿನಲ್ಲಿ ಹಲವು ಮಾಲೀಕರು ದೂರಿದುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ತಯಾರಕರು ಬಚ್ಚಿಟ್ಟ ದೌರ್ಬಲ್ಯಕ್ಕೆ ಕೊಂಡವನು ದಂಡ ತೆರುವುದು ನ್ಯಾಯವಲ್ಲ. ಹಿಂದಕ್ಕೆ ಕರೆದು ಮಾಡಿದ ದುರಸ್ತಿಯ ಫಲಕ್ಕೂ ತಯಾರಕರೇ ಹೊಣೆಯಾಗಬೇಕೆಂದು ನನ್ನ ಮತ.

ರಸ್ತೆಯ ಮೇಲೆಯೇ ಹೊಗೆಯನ್ನು ಅಳೆಯುವ ನಿಯಮವು ಹೊಸ ಮಾದರಿಗಳಿಗೆ ಯೂರೋಪಿನಲ್ಲಿ 2017ರಲ್ಲಿಯೂ, ನಮ್ಮಲ್ಲಿ 2023ರ ಏಪ್ರಿಲಿನಲ್ಲಿಯೂ ಜಾರಿಗೆ ಬಂತು. ಸಂತೋಷವೇ. ಆದರೆ ಹಳೆಯ ಕಾರುಗಳ ಗತಿಯೇನು? ನಮ್ಮ ಹೊಗೆ ತಪಾಸಣೆಯ ಪ್ರಮಾಣಪತ್ರವು ಡೀಸೆಲ್ ಗಾಡಿಗಳ ಮಟ್ಟಿಗೆ, ನಿಂತ ಗಾಡಿಯ ಹೊಗೆ ಎಷ್ಟು ದಟ್ಟವೆಂಬುದನ್ನು ಮಾತ್ರ ನೋಡುತ್ತ ಬಂದಿದೆ. ಶ್ವಾಸಕೋಶವನ್ನು ಕೆಣಕುವ ಸಾರಜನಕದ ಆಕ್ಸೈಡುಗಳ ಲೆಕ್ಕ ಅದರಲ್ಲಿಲ್ಲ. ಅಳೆಯದೆ ಕೊಟ್ಟ ಪ್ರಮಾಣಪತ್ರವು ಸಮಾಧಾನಕ್ಕೆ ಹೊರತು ಆರೋಗ್ಯಕ್ಕಲ್ಲ.

ನಾಳೆ ಯಂತ್ರಗಳನ್ನು ಕಟ್ಟುವವರೂ ಅವನ್ನು ಪರೀಕ್ಷಿಸುವವರೂ ಇಂದಿನ ವಿದ್ಯಾರ್ಥಿಗಳೇ. ಯಾರೂ ನೋಡದಿರುವಾಗಲೂ ಅಳತೆಯನ್ನು ಸರಿಯಾಗಿ ಬರೆದಿಡುವ ಅಭ್ಯಾಸವನ್ನು ಅವರು ಪ್ರಯೋಗಶಾಲೆಯಿಂದಲೇ ಆರಂಭಿಸಲಿ.